ಗ್ಯಾಸ್ ಮಾವ

ಹಿಂದೂಪುರದಲ್ಲಿ ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಗ್ಯಾಸ್ ಮಾವ ಇದ್ದೇ ಇರುತ್ತಾರೆ. ಅವರದೇನೂ ಸಿಲಿಂಡರ್ ಏಜೆನ್ಸಿಯಲ್ಲ, ಹೊಟ್ಟೆಯೂ ಚೆನ್ನಾಗಿಯೇ ಇದೆ. ಯಾರ ಮನೆ ಎ.ಸಿ. ಯಾಕೆ ಕೈಕೊಟ್ಟರೂ ಅವರ ತೀರ್ಪು ಮಾತ್ರ ಒಂದೇ: "ಗ್ಯಾಸ್ ಖಾಲಿ."

ತಣ್ಣಗಾಗುತ್ತಿಲ್ಲವೇ? ಗ್ಯಾಸ್. ಒಳಗಿನ ಡಬ್ಬದಿಂದ ನೀರು ತೊಟ್ಟಿಕ್ಕುತ್ತಿದೆಯೇ? ಗ್ಯಾಸ್. ರಿಮೋಟ್ ಒತ್ತಿದರೆ ಮಿಸುಕುತ್ತಿಲ್ಲವೇ? ಅದೂ ಗ್ಯಾಸೇ. ಮೊಮ್ಮಗ ರಿಮೋಟಿಗೆ ಹೊಸ ಶೆಲ್ ಹಾಕಿ ಎ.ಸಿ. ಶುರುವಾದರೆ, "ಇವತ್ತು ಓಡುತ್ತೆ, ನಾಳೆ ನೋಡು" ಅನ್ನುತ್ತಾರೆ.

2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಾವನ ಅಧಿಕಾರವ್ಯಾಪ್ತಿಯನ್ನು ಮಾತ್ರ ಯಾರೂ ಒಡೆದಿಲ್ಲ. ಬೇಸಿಗೆ ಬಂತೆಂದರೆ ಪಾವಗಡದಲ್ಲಿ ಬಸ್ಸು ಬದಲಿಸಿ, ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೇ ಇಳಿದು, ಕಲ್ಯಾಣದುರ್ಗದ ಬೀಗರ ಮನೆ ತಲುಪುತ್ತಾರೆ. ಬೀಗರದು ಶೇಂಗಾ ವ್ಯಾಪಾರ. ಮಳೆಗೆ ಬರ, ಗಾಳಿಗೆ ಬರವಿಲ್ಲದ ಸೀಮೆ. ಅವರ ಎ.ಸಿ.ಯ ಹೊರಗಿನ ಯಂತ್ರ ಇರುವುದೋ ಶೇಂಗಾ ಕಣದ ಕಡೆ ಮುಖ ಮಾಡಿ. ಅದರ ಅಲ್ಯೂಮಿನಿಯಂ ಎಲೆಗಳ ಸಂದಿನಲ್ಲಿ ಧೂಳು, ಸಿಪ್ಪೆ ಎಲ್ಲ ಕಚ್ಚಿ ಕೂತಿದೆ.

ಮಾವ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಾಡಿ ಹಿಡಿದ ಪಂಡಿತರಂತೆ ಗಾಳಿಗೆ ಅಂಗೈ ಒಡ್ಡಿ ಕಣ್ಣು ಮುಚ್ಚುತ್ತಾರೆ. ಬೀಗರ ಕಡೆ ತಿರುಗಿ ಕನ್ನಡದಲ್ಲಿ ಗ್ಯಾಸ್ ಖಾಲಿ ಎಂದು ಸಾರಿ, ಮೆಕ್ಯಾನಿಕ್ ಹುಡುಗನಿಗೆ ಫೋನಿನಲ್ಲಿ "ಗ್ಯಾಸ್ ಅಯಿಪೋಯಿಂದಿ, ತೊಂದರಗಾ ರಾ" ಎಂದು ತೆಲುಗಿನಲ್ಲಿ ಆಜ್ಞೆ ಮಾಡುತ್ತಾರೆ.

ಹುಡುಗ ಬಂದು ಒಳಗಿನ ಡಬ್ಬದ ಮುಚ್ಚಳ ಎತ್ತಿ ಜಾಲರಿ ಎಳೆದರೆ, ಅದು ಕಂಬಳಿಯಾಗಿದೆ. ಧೂಳಿಗೆ ಗಾಳಿ ಕಟ್ಟಿ ಒಳಗಿನ ಕಾಯಿಲ್ ಮೇಲೆ ಮಂಜು ಹಿಡಿದಿದೆ, ಆ ಮಂಜು ಕರಗಿ ಗೋಡೆಗೆ ಇಳಿದಿದೆ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ, ತಾಮ್ರದ ಕೊಳವೆಯೊಳಗೆ ಅಷ್ಟೇ ಗ್ಯಾಸ್ ಸುತ್ತುತ್ತಿರುತ್ತೆ, ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತೆ ಎನ್ನುತ್ತಾನೆ ಹುಡುಗ. ಜಾಲರಿಯನ್ನು ನಲ್ಲಿಗೆ ಹಿಡಿದು, ಕರೆಂಟು ತೆಗೆದು ಹೊರಗಿನ ಯಂತ್ರಕ್ಕೆ ಪೈಪಿನಲ್ಲಿ ನೀರು ಬಿಡುತ್ತಾನೆ. ಮಂಜೆಲ್ಲ ಕರಗಿದ ಮೇಲೆ ಚಾಲೂ ಮಾಡಿದರೆ ಕೋಣೆ ತಣ್ಣಗಾಗತೊಡಗುತ್ತದೆ.

"ನೋಡಿದಿರಾ, ನೀರು ಬಿದ್ದದ್ದೇ ಗ್ಯಾಸ್ ಎದ್ದುಬಿಡ್ತು!" ಎನ್ನುತ್ತಾರೆ ಮಾವ. ಗೆಲುವಿನ ಖುಷಿಯಲ್ಲಿ ರಿಮೋಟನ್ನು 16ಕ್ಕೆ ಇಳಿಸುತ್ತಾರೆ. ಸ್ಟಾರ್ ಗುರುತಿನ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂದು 2020ರ ಜನವರಿಯಿಂದ ಕೇಂದ್ರದ ನಿಯಮವಿದೆ. ಮಾವನ ಪ್ರಕಾರ ಅದು ಗ್ಯಾಸ್ ಕಡಿಮೆ ತುಂಬಿದ ಕಂಪನಿಗಳ ಸಂಚು. 1902ರಲ್ಲಿ ವಿಲಿಸ್ ಕ್ಯಾರಿಯರ್ ಈ ಯಂತ್ರಕ್ಕೆ ನಕ್ಷೆ ಹಾಕಿದ್ದು ಮನುಷ್ಯರಿಗಾಗಿಯಲ್ಲ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದಕ್ಕೆ ತೇವ ತಟ್ಟದಿರಲೆಂದು. ಮಾವ ಅಲ್ಲಿದ್ದಿದ್ದರೆ ಕಾಗದಕ್ಕೇ ಗ್ಯಾಸ್ ತುಂಬಿಸುತ್ತಿದ್ದರು.

ನನಗನ್ನಿಸುವುದಿಷ್ಟು: ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಯಾರೂ ಎದುರಾಡುವಂತಿಲ್ಲ. ಧೂಳು ಕಂಡರೆ ಯಾರಾದರೂ ಎದ್ದು ತೊಳೆಯಬೇಕಾಗುತ್ತದೆ, ಅದೂ ಮಾವ ಹತ್ತಿರದ ಕುರ್ಚಿಯಲ್ಲಿರುವಾಗ.

ಆದ್ದರಿಂದ, ಅವರು ಬರುವ ಮೊದಲೇ ನೀವೇ ಜಾಲರಿ ತೊಳೆದು ನೆರಳಲ್ಲಿ ಒಣಗಿಸಿಟ್ಟಿರಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಗ್ಯಾಸ್ ತುಂಬಲೇಬೇಕೆಂದು ಯಾರಾದರೂ ಹಟ ಹಿಡಿದರೆ, ಸೋರಿದ ಜಾಗ ಮೊದಲು ತೋರಿಸಿ ಎನ್ನಿ. ಮಾವ ಬೇಸರಪಡುವವರಲ್ಲ. ಫ್ರಿಜ್ಜಿನಲ್ಲೂ ಗ್ಯಾಸ್ ಇರುತ್ತದೆಂದು ಅವರಿಗೆ ಗೊತ್ತು.