ಕುಲಾವಿ ಕಟ್ಟಿಕೊಂಡು ಹಿಮಾಲಯಕ್ಕೆ

ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದು ಹೇಳುವುದು ಹವಾಮಾನ ಇಲಾಖೆಯಲ್ಲ, ಬಚ್ಚಲ ಕಿಟಕಿಯಲ್ಲಿರುವ ಕೊಬ್ಬರಿ ಎಣ್ಣೆ ಶೀಶೆ. ಎಣ್ಣೆ ಗಟ್ಟಿಯಾಯಿತೋ, ಅತ್ತೆ ಫ್ರಿಜ್ಜಿನ ಬಾಗಿಲಿಗೆ ಕಾವಲು ನಿಂತರೆಂದೇ ಲೆಕ್ಕ. ಮೊಸರು ಮಧ್ಯಾಹ್ನಕ್ಕೆ ಮಾತ್ರ, ಬಾಳೆಹಣ್ಣು ಬಂದ್, ಐಸ್‌ಕ್ರೀಮಿನ ಹೆಸರೆತ್ತಿದವರಿಗೆ ದೊಡ್ಡಪತ್ರೆ ರಸ. ಸಂಜೆ ಕೆಳಗಿಳಿದು ಆಡಬೇಕೆಂದರೂ ಮಕ್ಕಳ ತಲೆಗೆ ಕುಲಾವಿ ಕಡ್ಡಾಯ. ಬೆಂಗಳೂರಿನ ಕನಿಷ್ಠ ತಾಪಮಾನದ ದಾಖಲೆಯೇ 7.8 ಡಿಗ್ರಿ, ಅದೂ 1884ರ ಜನವರಿಯದು ಎಂದು ಇವರು ಒಮ್ಮೆ ಹೇಳಿ ನೋಡಿದರು. "ಅದಕ್ಕೇ ಕಣೋ, ಆಗೆಲ್ಲ ಹತ್ತು ಹೆತ್ತರೆ ನಾಲ್ಕು ಉಳೀತಿದ್ದಿದ್ದು" ಎಂದರು ಅತ್ತೆ.

ಇಂಥ ಮನೆಯವರು ಈ ಡಿಸೆಂಬರಿನಲ್ಲಿ ಹಿಮ ನೋಡಲು ಹೊರಟಿದ್ದೇವೆ.

ಕಾರಣ ಎಲ್ಸಾ. ಕೈಯಾಡಿಸಿದಲ್ಲೆಲ್ಲ ಹಿಮ ಸುರಿಸುವ ಆ ಕಾರ್ಟೂನ್ ರಾಣಿಯನ್ನು ನೋಡಿ ನೋಡಿ ಆರು ವರ್ಷದ ಮಗಳು ಒಂದು ದಿನ ಕೇಳಿಯೇಬಿಟ್ಟಳು, ಕಾಡುಗೋಡಿಯಲ್ಲಿ ಯಾಕೆ ಹಿಮ ಬೀಳಲ್ಲ? ಮಾವ ಪೇಪರಿನಿಂದ ತಲೆಯೆತ್ತದೆ "ಬಿದ್ದಿತ್ತಲ್ಲ ಪುಟ್ಟಿ, ನೀನು ಹುಟ್ಟೋಕೆ ಮುಂಚೆ" ಎಂದರು. ಅವರು ಹೇಳಿದ್ದು ವರ್ತೂರು ಕೆರೆಯ ನೊರೆಯ ಮಾತು. 2015ರಿಂದ ಎರಡು ಮೂರು ವರ್ಷ ಜೋರು ಮಳೆ ಬಂದಾಗಲೆಲ್ಲ ಕೋಡಿಯಲ್ಲಿ ಆಳೆತ್ತರ ನೊರೆ ಎದ್ದು, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವ ಬೈಕಿನವರ ಹೆಲ್ಮೆಟ್ಟಿನ ಮೇಲೆ ಕೂರುತ್ತಿತ್ತು. ಊರಿನ ಬಟ್ಟೆ ಒಗೆದ ಸೋಪಿನ ನೀರು, ಕಕ್ಕಸಿನ ನೀರು ಎಲ್ಲ ಸೇರಿ ಕಡೆದ ಹಿಮ ಅದು. ಫೋಟೊದಲ್ಲಿ ಮಾತ್ರ ಸ್ವಿಟ್ಜರ್ಲೆಂಡೇ. ಮಾವನ ಮೊಬೈಲಿನಲ್ಲಿ ಆ ವೀಡಿಯೊ ನೋಡಿದ ಮಗಳು ಈಗಲೇ ವರ್ತೂರಿಗೆ ನಡಿ ಎಂದು ಹಠ ಹಿಡಿದಳು. ಅದಕ್ಕಿಂತ ಹಿಮಾಲಯವೇ ವಾಸಿ ಎಂದು ನನಗನ್ನಿಸಿದ್ದು ಆಗ.

ಇವರು ಎಕ್ಸೆಲ್ ಶೀಟ್ ತೆರೆದರು. ವೈಟ್‌ಫೀಲ್ಡಿನ ಗಂಡಸರಿಗೆ ಎಕ್ಸೆಲ್ ಇಲ್ಲದೆ ಕೊತ್ತಂಬರಿ ಸೊಪ್ಪೂ ತರಲು ಬರುವುದಿಲ್ಲ. ಮೊದಲು ಎತ್ತರದ ಕಾಲಮ್ಮು. ಕರ್ನಾಟಕದ ನೆತ್ತಿ ಎನ್ನುವ ಮುಳ್ಳಯ್ಯನಗಿರಿಯೇ 1,930 ಮೀಟರ್, ಮನಾಲಿ ಪೇಟೆ ಅದಕ್ಕೂ ಎತ್ತರದಲ್ಲಿ ಕೂತಿದೆ. ಮಾವ ನಡುವೆ ಬಾಯಿ ಹಾಕಿ, ಊಟಿಯಲ್ಲಿ ಜನವರಿ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ, ಕಾರಲ್ಲೇ ಹೋಗಿ ಬರಬಹುದು ಎಂದು ಉಳಿತಾಯದ ದಾರಿ ತೋರಿಸಿದರು. "ಎಲ್ಸಾ ಹುಲ್ಲಿನ ಮೇಲೆ ನಡೆಯಲ್ಲ ತಾತಾ" ಎಂದು ಮಗಳು ಆ ಸಾಲನ್ನು ಅಳಿಸಿ ಹಾಕಿಸಿದಳು.

ಆಮೇಲಿನದು ದೊಡ್ಡ ತಲೆನೋವು. ಹಿಮಕ್ಕೆ ನಮ್ಮ ಶಾಲೆಯ ಕ್ರಿಸ್‌ಮಸ್ ರಜೆ ಗೊತ್ತಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು ತೇವ ಹೊತ್ತು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಂಥ ಗುಲ್ಮಾರ್ಗೇ ಬರೀ ಕಂದು ಹುಲ್ಲಾಗಿ ಬಿದ್ದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ತದ್ವಿರುದ್ಧ: ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಹಿಮ ಬಿದ್ದು ಸುಮಾರು ಸಾವಿರ ಗಾಡಿ ಗಂಟೆಗಟ್ಟಲೆ ಸಿಕ್ಕಿಕೊಂಡವು. ಆ ಸುದ್ದಿ ಓದಿದ ಮಾವ, "ಗಾಡೀಲಿ ಕೂತು ಮುಂದಿನ ಗಾಡಿ ನೋಡೋದಕ್ಕೆ ಅಷ್ಟು ದೂರ ಯಾಕಮ್ಮ? ಹೋಪ್ ಫಾರಂ ಸಿಗ್ನಲ್ ಇಲ್ವಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಅತ್ತೆಯ ತಕರಾರು ಬೇರೆ ಜಾತಿಯದು. ಧನುರ್ಮಾಸ. ಬೆಳಗ್ಗೆ ಹುಗ್ಗಿ ನೈವೇದ್ಯ ಆಗಬೇಕು, ವೈಕುಂಠ ಏಕಾದಶಿ ಅಲ್ಲೆಲ್ಲೋ ಬೆಟ್ಟದ ಮೇಲೆ ಕಳೆಯುವಂತಾಗಬಾರದು, ಸಂಕ್ರಾಂತಿ ಎಳ್ಳಿಗೆ ಕೊಬ್ಬರಿ ಹೆಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಇಷ್ಟೆಲ್ಲ ಕಳೆದು ಶೀಟಿನಲ್ಲಿ ಉಳಿದದ್ದು ಒಂದು ಬಡಕಲು ವಾರ. ರೈಲು ಟಿಕೆಟ್ಟನ್ನು ಈಗ 60 ದಿನ ಮೊದಲಷ್ಟೇ ತೆಗೆಯಬಹುದು. ಹಾಗಾಗಿ ಆ ದಿನ ಬೆಳಗ್ಗೆ ಎಂಟಕ್ಕೆ ಇವರು ಎರಡು ಮೊಬೈಲು, ಒಂದು ಲ್ಯಾಪ್‌ಟಾಪ್ ಹಿಡಿದು ಯಶವಂತಪುರ–ಚಂಡೀಗಡ ಸಂಪರ್ಕ ಕ್ರಾಂತಿಗೆ ಮುಗಿಬಿದ್ದರು. ಸಿಕ್ಕಿತು. ಒಂದು ಬರ್ತ್ ಮಾತ್ರ ಬೇರೆ ಬೋಗಿಯಲ್ಲಿ. ಅದು ತಮಗೇ ಇರಲಿ ಎಂದು ಮಾವ ಬಹಳ ಉದಾರವಾಗಿ ಒಪ್ಪಿಕೊಂಡರು.

ಈಗ ಲಗೇಜು. ಇದರ ಮುಂದೆ ಉಳಿದದ್ದೆಲ್ಲ ನಗಣ್ಯ. ಥರ್ಮಲ್ಲು, ಅದರ ಮೇಲೆ ಸ್ವೆಟರು, ಅದರ ಮೇಲೆ ಜಾಕೆಟ್ಟು, ಉಣ್ಣೆಯ ಕಾಲುಚೀಲ, ನೀರಿಳಿಯದ ಕೈಗವಸು. ಮೂರು ವರ್ಷದ ಚಿಕ್ಕವನಿಗೆ ಎಲ್ಲ ತೊಡಿಸಿ ಹಾಲಿನಲ್ಲಿ ನಿಲ್ಲಿಸಿದರೆ ಕೈ ಕೆಳಗಿಳಿಯುವುದಿಲ್ಲ. ಉಚ್ಚೆ ಬಂದರೆ ಬಿಚ್ಚುವಷ್ಟರಲ್ಲಿ ಮುಗಿದಿರುತ್ತದೆ, ಪರೀಕ್ಷಿಸಿಯೂ ಆಯಿತು. ಬಜೆ, ಜೀರಿಗೆ ಕಷಾಯದ ಪುಡಿ, ನೀಲಗಿರಿ ಎಣ್ಣೆ, ಮೂಗಿಗೆ ಹಾಕುವ ಡ್ರಾಪ್ಸಿಗೆ ಒಂದು ಬೇರೆಯೇ ಚೀಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರಿಗೆ ಇನ್ನೊಂದು. ಚಳಿ ನೋಡಲು ಇಷ್ಟು ದುಡ್ಡು ಸುರಿದು, ಆ ಚಳಿ ಮಕ್ಕಳ ಮೈ ಮುಟ್ಟದಂತೆ ನೋಡಿಕೊಳ್ಳಲು ಅದರ ಮೇಲೊಂದಿಷ್ಟು ಸುರಿಯುವ ಜಾಣರು ನಾವು.

ಮಂಜಿನ ಮೇಲೆ ಹಾಕುವ ಉಡುಪು, ಗಮ್‌ಬೂಟು ಮಾತ್ರ ಮನಾಲಿಯಿಂದ ಸೋಲಂಗಿಗೆ ಹೋಗುವ ದಾರಿಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ ಎಂದೆ. ಅತ್ತೆ ಬೆಚ್ಚಿದರು. "ಯಾರ್ಯಾರೋ ಹಾಕಿ ಬಿಟ್ಟಿದ್ದನ್ನ? ಒಗೆದಿರ್ತಾರಾ?" ಆ ಚಳಿಯಲ್ಲಿ ದಿನಾ ಒಗೆದು ಒಣಗಿಸುವುದು ಹೇಗೆ ಎಂದು ನಾನು ಬಾಯಿಬಿಡಲಿಲ್ಲ. ಬ್ಯಾಗಿಗೆ ಒಂದು ಡೆಟಾಲ್ ಬಾಟಲಿ ಸೇರಿತು. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ: "ಅದು ಪ್ಯಾಂಟಿನ ಥರಾನೇನಮ್ಮ ಇರೋದು? ಸೀರೆ ಮೇಲೆ ಹೇಗೆ ಹಾಕ್ಕೋತಾರೆ?" ನೀವು ಕೆಳಗೇ ಕೂತು ಚಹಾ ಕುಡೀರಿ ಅತ್ತೆ, ನಾವು ಮೇಲೆ ಹೋಗಿ ಬರ್ತೀವಿ ಎಂದೆ. ಅವರೇನೂ ಹೇಳಲಿಲ್ಲ.

ನಿನ್ನೆ ಸಂಜೆ ಮಾವ ತಮ್ಮ ರೇನ್‌ಕೋಟಿನ ಪ್ಯಾಂಟ್ ಕಾಣುತ್ತಿಲ್ಲವೆಂದು ಮನೆಯೆಲ್ಲ ತಡಕಾಡುತ್ತಿದ್ದರು. ಅತ್ತೆಯ ಕೋಣೆಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಬಾಗಿಲು ತಟ್ಟಿದರೆ, "ಬಂದೆ ತಡಿ, ನಿರಿಗೆ ಒಳಗೆ ಹೋಗ್ತಿಲ್ಲ" ಎಂದು ಉತ್ತರ ಬಂತು.