ತಾತನಿಗೊಂದು ಕೋಟು

ಹೊಸೂರಿನ ಅವಲಪಲ್ಲಿಯಲ್ಲಿ ಭಾವಚಿತ್ರ ಬರೆಯುವವನ ಮುಂದೆ ಯಾರೂ ಬಂದು ಕೂರುವುದಿಲ್ಲ. ಬರುವುದು ರೇಷನ್ ಕಾರ್ಡಿನ ಫೋಟೊ, ಅದೂ ಅರ್ಧ ಮುಖಕ್ಕೆ ಸೀಲು ಬಿದ್ದದ್ದು. "ನಮ್ಮ ತಾತಂದು ಸಾರ್. ಸ್ವಲ್ಪ ಬೆಳ್ಳಗೆ ಮಾಡಿ, ಒಂದು ಕೋಟು ಹಾಕಿ. ಆ ಸಿಡುಕು ಮೋರೆ ಬೇಡ, ನಗಿಸಿಬಿಡಿ." ಬದುಕಿದ್ದಾಗ ಇಡೀ ಮನೆಯ ಕೈಲಾಗದ್ದನ್ನು ನಾನೊಂದು ಸಣ್ಣ ಬ್ರಷ್ಷಿನಲ್ಲಿ ಮಾಡಬೇಕು! ಫೋಟೊ ಮೇಲೆ ಚೌಕ ಗೆರೆ ಎಳೆದು, ಕ್ಯಾನ್ವಾಸಿಗೆ ಹಿಗ್ಗಿಸಿ, ಸೀಲಿನಡಿ ಅಡಗಿದ ಎಡಗಣ್ಣನ್ನು ಬಲಗಣ್ಣಿನಿಂದ ಸಾಲ ಪಡೆಯುತ್ತೇನೆ. ಆಮೇಲೆ ತಪಾಸಣೆ. ಅತ್ತೆ ತೆಲುಗಿನಲ್ಲಿ, ಅಳಿಯ ತಮಿಳಿನಲ್ಲಿ, ಮೊಮ್ಮಗ ಕನ್ನಡದಲ್ಲಿ. ಮೂಗು ಮಾತ್ರ ಮೂರು ಭಾಷೆಯಲ್ಲೂ ಸರಿಯಿಲ್ಲ.

ಸ್ಫೂರ್ತಿ ಯಾರು ಅಂತಲೂ ಕೇಳುತ್ತಾರೆ. ಇಲ್ಲೇ ಹೊಸೂರಿನ ಹತ್ತಿರ ತೊರಪಲ್ಲಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಚಿತ್ರ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿದೆ. ಬರೆದವರು ಮೈಸೂರಿನ ಎನ್.ಎಸ್. ಸುಬ್ಬಕೃಷ್ಣ. ಅಲ್ಲಿನ ನೆಹರೂ ಚಿತ್ರ, ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದ ರೋರಿಕ್ ಅವರದು. ಇವರಿಬ್ಬರೇ ನನ್ನ ಸ್ಫೂರ್ತಿ. ರಾಜಾಜಿಯ ಕನ್ನಡಕ ತೆಗೆದುಬಿಡಿ ಎಂದು ಸುಬ್ಬಕೃಷ್ಣರಿಗೆ ಯಾರೂ ಹೇಳಿರಲಾರರು. ಪುಣ್ಯವಂತರು.

ಒಂದೇ ವಿನಂತಿ: ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ ಬೇಕು. ದಯವಿಟ್ಟು ತಿಥಿಯ ಹಿಂದಿನ ಸಂಜೆ ಆರ್ಡರ್ ತರಬೇಡಿ.