ತಿಕೋಟಾ ಮಾರ್ಗೀಯ ಶಕಟಶೈತ್ಯಯಂತ್ರಗಳ ನಾದಮೀಮಾಂಸೆ: ಒಂದು ಪ್ರಾಸ್ತಾವಿಕ ಅಧ್ಯಯನ

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಎಂಬ ತ್ರಿಕೋನದೊಳಗೆ ಸಂಚರಿಸುವ ಕಾರುಗಳ ಎ.ಸಿ.ಯಿಂದ ಹೊಮ್ಮುವ ಸದ್ದನ್ನೂ ಹೊಮ್ಮದ ಗಾಳಿಯನ್ನೂ ಶಾಸ್ತ್ರೀಯ ಚೌಕಟ್ಟಿನಲ್ಲಿಟ್ಟು ಪರಾಮರ್ಶಿಸುವುದೇ ಈ ಪ್ರಬಂಧದ ಘನ ಉದ್ದೇಶ. ಕ್ಷೇತ್ರದ ಆಯ್ಕೆ ಆಕಸ್ಮಿಕವಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗುಮ್ಮಟದಲ್ಲಿ ಪಿಸುಮಾತಿಗೂ ಮರುದನಿಯುಂಟು. ತಿಕೋಟಾ ದಾರಿಯ ತೊರವಿಯ ಹತ್ತಿರ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ಊರನ್ನೇ ಕಟ್ಟಲು ಹೊರಟಿದ್ದ. ಇಂಥ ನೆಲದಲ್ಲಿ ಎ.ಸಿ. ನಾದವನ್ನು ನವರಸಗಳಲ್ಲಿ ವಿಂಗಡಿಸದಿದ್ದರೆ ಸಂಶೋಧಕನಿಗೆ ಪಾಪ ತಟ್ಟೀತು.

ಹಾಸ್ಯ: ಡ್ಯಾಶ್‌ಬೋರ್ಡಿನ ಲಾಕರಿನ ಹಿಂದಿನಿಂದ ಟಕಟಕ, ಬ್ಲೋವರಿನ ರೆಕ್ಕೆಗೆ ಬೇವಿನ ಎಲೆಯೋ ಇಲಿ ತಂದಿಟ್ಟ ಶೇಂಗಾ ಸಿಪ್ಪೆಯೋ ಸಿಕ್ಕಿದೆ. ಸ್ಪೀಡ್ ಏರಿಸಿದರೆ ತಾಳವೂ ದ್ರುತಕ್ಕೇರುತ್ತದೆ.

ಕರುಣ: ಬ್ಲೋವರ್ ಮೋಟರಿನ ಬೇರಿಂಗ್ ಸವೆದು ಹೊರಡುವ ಕೀರಲು.

ರೌದ್ರ: ಬಾನೆಟ್ಟಿನಡಿಯ ಗರಗರ. ಎ.ಸಿ. ಹಾಕಿದಾಗಷ್ಟೇ ಕೇಳಿದರೆ ಕಂಪ್ರೆಸರ್ ನೋಡಬೇಕು. ಆರಿಸಿದ ಮೇಲೂ ನಿಲ್ಲದಿದ್ದರೆ ಅದರ ಪುಲ್ಲಿ ಬೇರಿಂಗಿನ ಮೇಲೂ ಸಂಶಯವಿರಲಿ.

ಶಾಂತ: ಇಂಜಿನ್ ನಿಲ್ಲಿಸಿದಾಗ ಕ್ಷಣಕಾಲದ ಸುಸ್ಸ್. ಪೈಪಿನೊಳಗಿನ ಒತ್ತಡ ಸಮನಾಗುತ್ತಿದೆ, ರೋಗವೇನಲ್ಲ.

ಬೀಭತ್ಸ: ಇದು ನಾದವೇ ಅಲ್ಲ, ಮುಗ್ಗಲು ವಾಸನೆ. ಸಿದ್ಧಾಂತ ಇಲ್ಲೇ ಕುಂಟಿತು. ಉಳಿದ ರಸಗಳು ಹಾಳಾಗಿ ಹೋಗಲಿ.

ಇನ್ನು ‘ಕ್ಷೀಣಾನಿಲ ಲಕ್ಷಣ’, ಅಂದರೆ ಗಾಳಿ ಸಣ್ಣಗೆ ಬರುವುದು. ಇದರ ಪರಿಹಾರಕ್ಕೆ ಸರ್ವಿಸ್ ಸೆಂಟರಿನ ಗಾಜಿನ ಕೋಣೆಯಲ್ಲಿ ಟೈ ಕಟ್ಟಿಕೊಂಡ ಆಚಾರ್ಯರಿದ್ದಾರೆ. ಅವರು ‘ಕೂಲಿಂಗ್ ಪರ್ಫಾರ್ಮನ್ಸ್ ರಿಸ್ಟೋರೇಶನ್’ ಎಂದು ಪುಟಗಟ್ಟಲೆ ಎಸ್ಟಿಮೇಟ್ ಮುದ್ರಿಸಿ, ಕೊನೆಗೆ ಕನ್ನಡಕ್ಕಿಳಿದು, “ಗ್ಯಾಸ್ ಮುಗದೇತ್ರಿ ಸರ” ಅನ್ನುತ್ತಾರೆ.

ಮುಗಿಯಲು ಅದೇನು ಪೆಟ್ರೋಲೇ? ಮುಚ್ಚಿದ ಪೈಪಿನೊಳಗೆ ಸುತ್ತುವ ವಸ್ತು ಅದು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ್ದೆಲ್ಲಿ ಎಂದು ಹುಡುಕದೆ ಮತ್ತೆ ತುಂಬಿದರೆ ಮತ್ತೆ ಸೋರುತ್ತದೆ. ಅದಿರಲಿ, ಗ್ಯಾಸ್ ಕಡಿಮೆಯಾದರೆ ಮೊದಲು ಹೋಗುವುದು ತಂಪು, ಬೀಸುವ ಜೋರಲ್ಲ. ಜೋರು ಕೊಡುವುದು ಬ್ಲೋವರ್. ಅದರ ಗಾಳಿಗೆ ಅಡ್ಡ ಕೂತಿರುವುದು, ಹೆಚ್ಚಿನ ಕಾರುಗಳಲ್ಲಿ, ಲಾಕರಿನ ಹಿಂದಿನ ಕ್ಯಾಬಿನ್ ಫಿಲ್ಟರ್: ಮಡಚಿಟ್ಟ ಕಾಗದದಂಥದ್ದು, ಕೆಲವು ನೂರು ರೂಪಾಯಿಯದು. ಶೇಕಡಾ 1ರಷ್ಟೂ ಕಾಡಿಲ್ಲದ ಜಿಲ್ಲೆಯ ಎರೆಮಣ್ಣಿನ ಧೂಳು, ಜೋಳದ ರಾಶಿಯ ಹೊಟ್ಟು ಎಲ್ಲವೂ ಅಲ್ಲಿ ಸೇರಿ ಗಟ್ಟಿಯಾಗಿರುತ್ತವೆ. ಕೊನೆಯ ಸ್ಪೀಡಿನಲ್ಲಿ ಮಾತ್ರ ಗಾಳಿ ಬಂದರೆ ಬ್ಲೋವರಿನ ರೆಸಿಸ್ಟರ್ ಸುಟ್ಟಿರಬಹುದು. ಮೊದಲು ಚೆನ್ನಾಗಿ ಬಂದು, ದಾರಿಯಲ್ಲಿ ಕುಗ್ಗಿ, ಗಾಡಿ ನಿಲ್ಲಿಸಿ ಹೊರಟಾಗ ಮತ್ತೆ ಬಂದರೆ ತಂಪು ಮಾಡುವ ಒಳಗಿನ ಕಾಯಿಲ್ ಹಿಮಗಟ್ಟುತ್ತಿರಬಹುದು.

ಇಷ್ಟೇ ವಿದ್ಯೆ. ಇದನ್ನು ಹೇಳಲು ಅವರಿಗೆ ಏನು ದಾಡಿ?

ನನಗೇನೋ ಸಂಬಳವಿದೆ, ಬೈದುಕೊಂಡು ಕೊಟ್ಟೇನು. ಬಬಲೇಶ್ವರದ ಕಡೆಯಿಂದ ಡಯಾಲಿಸಿಸ್ ರೋಗಿಗಳನ್ನು ಜಿಲ್ಲಾ ಕೇಂದ್ರಕ್ಕೆ ಕರೆತರುವ ಬಾಡಿಗೆ ಗಾಡಿಯವನು ಏಪ್ರಿಲಿನ 40 ಡಿಗ್ರಿಯಲ್ಲಿ ಸಾಲ ಮಾಡಿ ಗ್ಯಾಸ್ ಹಾಕಿಸುತ್ತಾನೆ. ಹಳೆಯ ಫಿಲ್ಟರ್ ಹಾಗೇ ಇರುತ್ತದೆ, ಗಾಳಿಯೂ ಹಾಗೇ ಇರುತ್ತದೆ. ಮರಳಿ ಹೋದರೆ, “ಈಗ ಕಂಪ್ರೆಸರ್ ಹೋಗೇತಿ ನೋಡ್ರಿ”. ಹಿಂದಿನ ಸೀಟಿನಲ್ಲಿ ಒರಗಿದ ಮುದುಕಿ ಕಿಟಕಿ ಇಳಿಸು ಅಂದರೆ ಬಿಸಿಗಾಳಿ ನುಗ್ಗುತ್ತದೆ, ಏರಿಸಿದರೆ ಉಸಿರು ಕಟ್ಟುತ್ತದೆ. ಇದಕ್ಕೆ ಯಾವ ರಸದ ಹೆಸರಿಡಲಿ?

ಗ್ಯಾರೇಜಿನಲ್ಲಿ ಮೊದಲು, “ಹಳೇ ಫಿಲ್ಟರ್ ತಗದು ನನ್ನ ಕೈಯಾಗ ಕೊಡ್ರಿ” ಎಂದು ಕೇಳಿ. “ಕಸ್ಟಮರ್ ಒಳಗ ಬರೂಹಂಗಿಲ್ರಿ” ಎಂದರೆ ಕೀ ಇಸಿದುಕೊಂಡು ಗಾಡಿ ಹೊರಳಿಸಿ.